ಹಳೆ ವಿಳಾಸ, ಹೊಸ ಯಂತ್ರ: ಮಂಡ್ಯದ ಬೆಲ್ಲದ ಮಂಡಿಯೊಂದರ ಇಮೇಲ್ ಪ್ರಕರಣ

ಮಂಡ್ಯದ ಎಪಿಎಂಸಿ ಪ್ರಾಂಗಣದಲ್ಲಿ ಬೆಲ್ಲ, ಸಕ್ಕರೆ ಎರಡನ್ನೂ ಸಗಟಾಗಿ ಮಾರುವ ಒಂದು ಮಂಡಿ. ಮುಂದೆ ತಕ್ಕಡಿ, ಹಿಂದೆ ಒಂದು ಮೇಜು ಹಿಡಿಸುವಷ್ಟು ಕಚೇರಿ. ಮೇಜಿನ ಮೇಲೆ ವಿಂಡೋಸ್ 7 ಇರುವ ಹಳೆಯ ಡೆಸ್ಕ್‌ಟಾಪ್, ಅದರಲ್ಲಿ ಔಟ್‌ಲುಕ್ 2010 ಎಂಬ ಇಮೇಲ್ ತಂತ್ರಾಂಶ, ಅದರೊಳಗೆ 2013ರಲ್ಲಿ ತೆರೆದ ಒಂದು ಜಿಮೇಲ್ ವಿಳಾಸ. ಬಿಲ್ ಪುಸ್ತಕ, ಜಿಎಸ್‌ಟಿ ನೋಂದಣಿ, ಬ್ಯಾಂಕು, ಹೊರರಾಜ್ಯದ ಖರೀದಿದಾರರು, ಎಲ್ಲರ ಬಳಿಯೂ ಇರುವುದು ಆ ಒಂದೇ ವಿಳಾಸ. ಹಾಗಾಗಿ ‘ಹೊಸ ಐಡಿ ಮಾಡಿಬಿಡೋಣ’ ಅನ್ನುವ ದಾರಿ ಮೊದಲೇ ಮುಚ್ಚಿತ್ತು. ಖಾತೆ ಹಳೆಯದೇ ಇರಬೇಕು, ತಂತ್ರಾಂಶ ಮಾತ್ರ ಹೊಸದಾಗಬೇಕು.

2025ರ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಔಟ್‌ಲುಕ್ ತೆರೆದರೆ ಪಾಸ್‌ವರ್ಡ್ ಕೇಳುವ ಚಿಕ್ಕ ಕಿಟಕಿ. ಪಾಸ್‌ವರ್ಡ್ ಹಾಕಿ ಓಕೆ ಒತ್ತಿದರೆ ಎರಡು ಸೆಕೆಂಡಿಗೆ ಅದೇ ಕಿಟಕಿ ವಾಪಸ್. ಅದೇ ಪಾಸ್‌ವರ್ಡ್ ಹಾಕಿ ಫೋನಿನಲ್ಲೋ ಬ್ರೌಸರಿನಲ್ಲೋ ಹೋದರೆ ಖಾತೆ ಸಲೀಸಾಗಿ ತೆರೆಯುತ್ತದೆ. ಇಂಥಲ್ಲಿ ಹೆಚ್ಚಿನವರು ಮಾಡುವುದು ಪಾಸ್‌ವರ್ಡ್ ಮತ್ತೆ ಬದಲಿಸುವುದು. ಇಲ್ಲೂ ಎರಡು ಸಲ ಬದಲಿಸಿದ್ದರು.

ಸುಳಿವು ಸಿಕ್ಕಿದ್ದು ಔಟ್‌ಲುಕ್‌ನಿಂದಲ್ಲ. ಅದೇ ದಿನದಿಂದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಿಂದ ಬಿಲ್ ಇಮೇಲ್ ಹೋಗುವುದು ನಿಂತಿತ್ತು. ಮೂಲೆಯಲ್ಲಿದ್ದ ಪ್ರಿಂಟರಿನಲ್ಲಿ ತೂಕದ ಚೀಟಿ ಸ್ಕ್ಯಾನ್ ಮಾಡಿ ಇಮೇಲ್ ಮಾಡುವುದೂ ನಿಂತಿತ್ತು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಡೆ ಒಂದೇ ದಿನ ಕೈಕೊಟ್ಟರೆ ತಪ್ಪು ಆ ಮೂರರಲ್ಲೂ ಇರುವುದಿಲ್ಲ, ಅವು ಮೂರೂ ಹಿಡಿದುಕೊಂಡಿರುವ ಕೀಲಿಯಲ್ಲಿ ಇರುತ್ತದೆ.

ಆ ಕೀಲಿಯ ಕಥೆ ಇಷ್ಟು. ಬರೀ ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಹೊರಗಿನ ತಂತ್ರಾಂಶ ಜಿಮೇಲ್ ಒಳಗೆ ಹೋಗುವ ಪದ್ಧತಿಯನ್ನು ಗೂಗಲ್ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಂದು ನಿಲ್ಲಿಸಿತು. ಆಮೇಲೆ ಉಳಿದದ್ದು ಎರಡು ದಾರಿ. ಒಂದು ಓಆತ್: ತಂತ್ರಾಂಶಕ್ಕೆ ಪಾಸ್‌ವರ್ಡ್ ಕೊಡುವುದೇ ಇಲ್ಲ, ಗೂಗಲ್‌ನ ಪುಟದಲ್ಲೇ ಲಾಗಿನ್ ಆಗಿ ಒಪ್ಪಿಗೆ ಕೊಟ್ಟರೆ ತಂತ್ರಾಂಶಕ್ಕೆ ಒಂದು ಟೋಕನ್ ಸಿಗುತ್ತದೆ. ಇನ್ನೊಂದು ಆ್ಯಪ್ ಪಾಸ್‌ವರ್ಡ್: ಎರಡು ಹಂತದ ಪರಿಶೀಲನೆ ಚಾಲೂ ಇರುವ ಖಾತೆಗೆ ಗೂಗಲ್ ತಾನೇ ಕೊಡುವ 16 ಅಕ್ಷರದ ಗುಟ್ಟು. ಔಟ್‌ಲುಕ್ 2010ಕ್ಕೆ ಜಿಮೇಲ್‌ನ ಓಆತ್ ಗೊತ್ತಿಲ್ಲ. ಹಾಗಾಗಿ 2022ರಲ್ಲಿ ಯಾರೋ ಒಂದು ಆ್ಯಪ್ ಪಾಸ್‌ವರ್ಡ್ ಮಾಡಿ, ಔಟ್‌ಲುಕ್, ಟ್ಯಾಲಿ, ಪ್ರಿಂಟರ್ ಮೂರಕ್ಕೂ ಅದನ್ನೇ ಹಾಕಿಕೊಟ್ಟಿದ್ದರು. ಮಂಡಿಯವರಿಗೆ ಅದು ತಿಳಿದಿರಲಿಲ್ಲ. ಹಬ್ಬದ ಹೊತ್ತಿಗೆ ಅನುಮಾನದ ಸಂದೇಶವೊಂದು ಬಂತೆಂದು ಮಾಲೀಕರು ಮುಖ್ಯ ಪಾಸ್‌ವರ್ಡ್ ಬದಲಿಸಿದರು. ಅದು ಸರಿಯಾದ ಕೆಲಸವೇ. ಆದರೆ ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಾದ ಕ್ಷಣ ಹಳೆಯ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ಔಟ್‌ಲುಕ್‌ಗೆ ಬೇಕಿದ್ದದ್ದು ಹೊಸ ಆ್ಯಪ್ ಪಾಸ್‌ವರ್ಡ್. ಇವರು ಕೊಡುತ್ತಿದ್ದದ್ದು ಹೊಸ ಮುಖ್ಯ ಪಾಸ್‌ವರ್ಡ್. ಅದನ್ನು ನೂರು ಸಲ ಹಾಕಿದರೂ ಅಷ್ಟೇ.

ಎರಡು ನಿಮಿಷದಲ್ಲಿ ಹೊಸ ಆ್ಯಪ್ ಪಾಸ್‌ವರ್ಡ್ ಮಾಡಿ ಹಳೆಯ ಔಟ್‌ಲುಕ್‌ಗೆ ಹಾಕಿ ಎದ್ದು ಹೋಗಬಹುದಿತ್ತು. ಹಾಗೆ ಮಾಡದಿರಲು ಕಾರಣಗಳಿದ್ದವು. ವಿಂಡೋಸ್ 7ಕ್ಕೆ ಭದ್ರತಾ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ, ಔಟ್‌ಲುಕ್ 2010ಕ್ಕೆ ಅದೇ ವರ್ಷದ ಅಕ್ಟೋಬರ್ 13ಕ್ಕೆ. ಜೊತೆಗೆ ಹಾರ್ಡ್‌ಡಿಸ್ಕಿನಿಂದ ಆಗಾಗ ಟಿಕ್ ಟಿಕ್ ಸದ್ದು. ವಿಂಡೋಸ್ 11 ಇರುವ ಹೊಸ ಯಂತ್ರ ಬಾಕ್ಸಿನಲ್ಲೇ ಕೂತಿತ್ತು. ಹಾಗಾದರೆ ಹೊಸದರಲ್ಲಿ ಖಾತೆ ಸೇರಿಸಿ, ಹಳೆಯದನ್ನು ಗುಜರಿಗೆ ಹಾಕುವುದೇ? ಪತ್ರಗಳು ಹೇಗೂ ಜಿಮೇಲ್‌ನಲ್ಲಿ ಇವೆಯಲ್ಲ, ಎಂದರು ಲೆಕ್ಕ ಬರೆಯುವವರು.

ಇದ್ದವೇ ಎಂದು ನೋಡಬೇಕಿತ್ತು. ನೋಡುವ ರೀತಿ ಸುಲಭ. ಬ್ರೌಸರಿನಲ್ಲಿ ಜಿಮೇಲ್ ತೆರೆದು ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಬಿಫೋರ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ 2018/06/01 ಎಂದು ಕೊಟ್ಟರೆ ಆ ದಿನಕ್ಕಿಂತ ಹಳೆಯದೆಲ್ಲ ಬರುತ್ತದೆ. ಇಲ್ಲಿಂದ ಕಳಿಸಿದ ಪತ್ರಗಳು ಕಂಡವು. ಬಂದ ಪತ್ರ ಒಂದೂ ಇರಲಿಲ್ಲ. ಐದು ವರ್ಷದ ಇನ್‌ಬಾಕ್ಸ್ ಬರಿದು.

ಕಾರಣ ಪಾಪ್. 2013ರಲ್ಲಿ ಔಟ್‌ಲುಕ್‌ಗೆ ಖಾತೆ ಜೋಡಿಸಿದವರು ಪಾಪ್ ವಿಧಾನ ಆರಿಸಿದ್ದರು. ಪಾಪ್ ಎಂದರೆ ಅಂಚೆ ಕಚೇರಿಯಿಂದ ಪತ್ರ ತಂದು ಮನೆಯಲ್ಲಿ ಇಟ್ಟುಕೊಂಡ ಹಾಗೆ. ತಂದ ಮೇಲೆ ಕಚೇರಿಯಲ್ಲಿ ಪ್ರತಿ ಉಳಿಯಬೇಕೋ ಬೇಡವೋ ಎನ್ನುವುದು ಪ್ರತ್ಯೇಕ ಆಯ್ಕೆ. ಜಿಮೇಲ್‌ನಲ್ಲಿ ಈ ಆಯ್ಕೆ ಔಟ್‌ಲುಕ್‌ನ ಒಳಗಿನದ್ದಕ್ಕಿಂತ ಜಿಮೇಲ್‌ನ ಸೆಟ್ಟಿಂಗ್ಸ್ ಪುಟದ ಪಾಪ್ ಭಾಗದಲ್ಲಿ ನಿರ್ಧಾರವಾಗುತ್ತದೆ: ಪ್ರತಿಯನ್ನು ಇನ್‌ಬಾಕ್ಸಿನಲ್ಲಿ ಉಳಿಸು, ಓದಿದ್ದೆಂದು ಗುರುತಿಸು, ಆರ್ಕೈವ್ ಮಾಡು, ಇಲ್ಲವೇ ಅಳಿಸು. ಇಲ್ಲಿ ‘ಅಳಿಸು’ ಆಗಿತ್ತು. 2018ರ ಮೇ ಕೊನೆಯಲ್ಲಿ ಮಾಲೀಕರು ಫೋನಿನಲ್ಲೂ ಪತ್ರ ನೋಡಬೇಕೆಂದಾಗ ಅದನ್ನು ‘ಉಳಿಸು’ ಎಂದು ಬದಲಿಸಿದ್ದಾರೆ. ಅಂದರೆ ಅದಕ್ಕೂ ಮೊದಲು ಬಂದ ಪತ್ರಗಳಿಗೆ ಇಡೀ ಜಗತ್ತಿನಲ್ಲಿ ಇದ್ದ ಒಂದೇ ಪ್ರತಿ ಆ ಟಿಕ್ ಟಿಕ್ ಡಿಸ್ಕಿನ ಮೇಲಿತ್ತು.

ಅವು ಬೇಡದ ಪತ್ರಗಳೂ ಅಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ದಾಖಲೆ ಇಟ್ಟಿರಬೇಕು. 2017-18ರ ರಿಟರ್ನಿನ ಗಡುವು ಮುಂದಕ್ಕೆ ಹೋಗಿ ಹೋಗಿ 2020ರ ಫೆಬ್ರವರಿಗೆ ನಿಂತಿತ್ತು. ಲೆಕ್ಕ ಹಾಕಿದರೆ ಆ ವರ್ಷದ ಸಕ್ಕರೆ ಖರೀದಿಯ ಬಿಲ್ಲುಗಳನ್ನು 2026ರ ಫೆಬ್ರವರಿವರೆಗೆ ಕೇಳುವ ಹಕ್ಕು ಇಲಾಖೆಗೆ ಇತ್ತು. ಬಿಲ್ಲುಗಳು ಪಿಡಿಎಫ್ ಆಗಿ ಬಂದಿದ್ದವು, ಮುದ್ರಿಸಿ ಇಟ್ಟಿರಲಿಲ್ಲ.

ಮೊದಲು ಪ್ರತಿ

ಔಟ್‌ಲುಕ್ 2010 ಪಾಪ್ ಪತ್ರಗಳನ್ನೆಲ್ಲ ಪಿಎಸ್‌ಟಿ ಎಂಬ ಒಂದೇ ಫೈಲಿನಲ್ಲಿ ತುಂಬುತ್ತದೆ. ಸಾಮಾನ್ಯವಾಗಿ ಅದು ಡಾಕ್ಯುಮೆಂಟ್ಸ್ ಒಳಗಿನ ‘ಔಟ್‌ಲುಕ್ ಫೈಲ್ಸ್’ ಫೋಲ್ಡರಿನಲ್ಲಿರುತ್ತದೆ. ಊಹಿಸುವ ಬದಲು ಔಟ್‌ಲುಕ್‌ನ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಫೈಲ್ಸ್ ಟ್ಯಾಬ್ ತೆರೆದರೆ ಪೂರ್ತಿ ದಾರಿ ಕಾಣುತ್ತದೆ. ಇಲ್ಲಿ ಒಂದೇ ಫೈಲ್, 11 ಜಿಬಿ. 2010ರ ಆವೃತ್ತಿಗೆ ಮಿತಿ 50 ಜಿಬಿ, ಹಾಗಾಗಿ ಗಾತ್ರದ ತೊಂದರೆ ಇರಲಿಲ್ಲ. 2002 ಹಾಗೂ ಅದಕ್ಕಿಂತ ಹಳೆಯ ಔಟ್‌ಲುಕ್‌ನಲ್ಲಿ ಹುಟ್ಟಿದ ಪಿಎಸ್‌ಟಿ ಆಗಿದ್ದರೆ 2 ಜಿಬಿಗೇ ಕುಸಿದು ಬೀಳುತ್ತಿತ್ತು.

ನಕಲು ಮಾಡಲು ಮಂಡಿಯಲ್ಲಿದ್ದ 32 ಜಿಬಿ ಪೆನ್‌ಡ್ರೈವ್ ಚುಚ್ಚಿದರೆ, ಜಾಗ ಖಾಲಿಯಿದ್ದರೂ ಫೈಲ್ ದೊಡ್ಡದಾಯಿತು ಎಂಬ ದೂರು. ಪೆನ್‌ಡ್ರೈವ್ ಫ್ಯಾಟ್32 ರೂಪದಲ್ಲಿತ್ತು. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಡ್ರೈವಿನಲ್ಲಿದ್ದುದನ್ನು ಬೇರೆಡೆ ತೆಗೆದಿಟ್ಟು, ರೈಟ್ ಕ್ಲಿಕ್ ಮಾಡಿ ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿದ ಮೇಲೆ ನಕಲು ಶುರುವಾಯಿತು. ಔಟ್‌ಲುಕ್ ಮುಚ್ಚಿರಲೇಬೇಕು, ಕಿಟಕಿ ಮುಚ್ಚಿದರೂ ಕೆಲವೊಮ್ಮೆ ಹಿಂದೆ ಓಡುತ್ತಿರುತ್ತದೆ, ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿ ನಿಲ್ಲಿಸಬೇಕು. ಪೆನ್‌ಡ್ರೈವ್ ಸೆಕೆಂಡಿಗೆ 10 ಎಂಬಿಯಷ್ಟೇ ಬರೆಯುವಂಥದ್ದಾದ್ದರಿಂದ ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷ ಆ ಯಂತ್ರದಲ್ಲಿ ಬೇರೇನೂ ತೆರೆಯದಿರುವುದು ಒಳ್ಳೆಯದು. ಸಾಯುತ್ತಿರುವ ಡಿಸ್ಕಿಗೆ ಎರಡು ಕೆಲಸ ಹೇಳಬಾರದು.

ಔಟ್‌ಲುಕ್ ಜೊತೆಗೇ ಬರುವ ಸ್ಕ್ಯಾನ್‌ಪಿಎಸ್‌ಟಿ ಎಂಬ ರಿಪೇರಿ ಉಪಕರಣ ಓಡಿಸಿದ್ದು ಇದಾದ ಮೇಲೆ, ಅದೂ ನಕಲಿನ ಮೇಲೆ. ಮೂಲ ಫೈಲಿನ ಮೇಲೆ ಮೊದಲೇ ಓಡಿಸುವ ಅಭ್ಯಾಸ ಕೆಲವು ರಿಪೇರಿಯವರಿಗೆ ಇದೆ. ಅದು ಫೈಲನ್ನು ತಿದ್ದುವ ಉಪಕರಣ, ಬರೀ ಓದುವುದಲ್ಲ; ತಿದ್ದುವಾಗ ಕರೆಂಟ್ ಹೋದರೆ ಇದ್ದದ್ದೂ ಹೋಗುತ್ತದೆ. ಮಂಡ್ಯದಲ್ಲಿ ಕರೆಂಟ್ ಹೋಗುವುದಿಲ್ಲ ಎಂದು ನಂಬಿ ಕೂರುವವರು ಯಾರೂ ಇಲ್ಲ.

ಹಳೆ ಯಂತ್ರವನ್ನು ಮೇಜಿನ ಇನ್ನೊಂದು ಮಗ್ಗುಲಿಗೆ ಸರಿಸಲು ಪ್ಲಗ್ ಕಿತ್ತು ಮತ್ತೆ ಹಾಕಿದಾಗ ಇನ್ನೊಂದು ತೊಡಕು ಎದ್ದಿತು. ಬ್ರೌಸರಿನಲ್ಲಿ ಯಾವ ಜಾಲತಾಣವೂ ತೆರೆಯದು, ಎಲ್ಲದಕ್ಕೂ ಸರ್ಟಿಫಿಕೇಟ್ ತಪ್ಪು. ಕೆಳಗಿನ ಮೂಲೆಯ ಗಡಿಯಾರ 2010ರ ಜನವರಿ ತೋರಿಸುತ್ತಿತ್ತು. ಮದರ್‌ಬೋರ್ಡಿನ ಮೇಲಿನ ಸಿಆರ್2032 ಬಟನ್ ಸೆಲ್ ಸತ್ತಿದೆ. ಕರೆಂಟ್ ತಪ್ಪಿದೊಡನೆ ಯಂತ್ರ ದಿನಾಂಕ ಮರೆಯುತ್ತದೆ. ಸುರಕ್ಷಿತ ಸಂಪರ್ಕದಲ್ಲಿ ಎದುರಿನ ಸರ್ವರಿನ ಸರ್ಟಿಫಿಕೇಟ್ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಇರುತ್ತದೆ; ಯಂತ್ರದ ಲೆಕ್ಕದಲ್ಲಿ ಆ ದಿನ ಇನ್ನೂ ಹುಟ್ಟಿಲ್ಲ. ದಿನಾಂಕವನ್ನು ಕೈಯಲ್ಲಿ ಸರಿಪಡಿಸಿದರೆ ಸಾಕಾಯಿತು. ಇಮೇಲ್ ತಂತ್ರಾಂಶ ಇದ್ದಕ್ಕಿದ್ದಂತೆ ಸರ್ಟಿಫಿಕೇಟ್ ಬಗ್ಗೆ ತಗಾದೆ ತೆಗೆದರೆ ‘ಪರವಾಗಿಲ್ಲ, ಒಪ್ಪಿಕೋ’ ಗುಂಡಿ ಒತ್ತುವ ಮೊದಲು ಗಡಿಯಾರ ನೋಡಬೇಕು.

ಪಿಎಸ್‌ಟಿಯಿಂದ ಥಂಡರ್‌ಬರ್ಡ್‌ಗೆ

ಹೊಸ ಯಂತ್ರಕ್ಕೆ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ ಆರಿಸಿದ್ದಕ್ಕೆ ಹೆಚ್ಚು ವಿವರಣೆ ಬೇಡ. ವಿಂಡೋಸ್ ಜೊತೆ ಬರುತ್ತಿದ್ದ ಹಳೆಯ ಮೇಲ್ ಆ್ಯಪ್‌ಗೆ 2024ರ ಡಿಸೆಂಬರ್ 31ಕ್ಕೆ ಬೆಂಬಲ ಮುಗಿದಿದೆ. ಅದರ ಜಾಗಕ್ಕೆ ಬಂದ ಹೊಸ ಔಟ್‌ಲುಕ್, ಜಿಮೇಲ್ ಖಾತೆ ಸೇರಿಸಿದರೆ ಪತ್ರಗಳ ಒಂದು ಪ್ರತಿಯನ್ನು ಮೈಕ್ರೋಸಾಫ್ಟ್‌ನ ಕ್ಲೌಡಿನಲ್ಲೂ ಇಟ್ಟುಕೊಳ್ಳುತ್ತದೆ; ಮಂಡಿಯವರಿಗೆ ಅದು ಬೇಡವಾಗಿತ್ತು. ಥಂಡರ್‌ಬರ್ಡ್ ಉಚಿತ, ಜಿಮೇಲ್‌ನ ಓಆತ್ ತಿಳಿದಿದೆ, ಪತ್ರಗಳನ್ನು ಡಿಸ್ಕಿನ ಮೇಲೆ ಎಂಬಾಕ್ಸ್ ಎಂಬ ಸರಳ ರೂಪದಲ್ಲಿ ಇಡುತ್ತದೆ.

ಆದರೆ ಥಂಡರ್‌ಬರ್ಡ್ ಪಿಎಸ್‌ಟಿ ಫೈಲನ್ನು ನೇರವಾಗಿ ಓದುವುದಿಲ್ಲ. ಅದೇ ಯಂತ್ರದಲ್ಲಿ ಇರುವ ಔಟ್‌ಲುಕ್‌ನ ಮೂಲಕ ಓದಿಸಿಕೊಳ್ಳುತ್ತದೆ. ಹೊಸ ಯಂತ್ರದಲ್ಲಿ ಔಟ್‌ಲುಕ್ 2010 ಇಲ್ಲ, ಹಾಕುವ ಮನಸ್ಸೂ ಇಲ್ಲ. ಹಾಗಾಗಿ ಆಮದು ಮಾಡುವ ಕೆಲಸ ಹಳೆ ಯಂತ್ರದಲ್ಲೇ ಆಗಬೇಕಿತ್ತು. ವಿಂಡೋಸ್ 7ರಲ್ಲಿ ಓಡುವ ಕೊನೆಯ ಥಂಡರ್‌ಬರ್ಡ್ ಸರಣಿ 115. ಅದನ್ನೇ ಇಳಿಸಿ ಹಾಕಿ, ಖಾತೆ ಸೇರಿಸುವ ಪುಟವನ್ನು ರದ್ದು ಮಾಡಿ, ಟೂಲ್ಸ್ ಮೆನುವಿನ ಇಂಪೋರ್ಟ್‌ನಲ್ಲಿ ಔಟ್‌ಲುಕ್ ಆರಿಸಿದರೆ ಏನೂ ಸಿಗಲಿಲ್ಲ.

ಎರಡು ಕಾರಣಕ್ಕೆ ಹೀಗಾಗುತ್ತದೆ, ಇಲ್ಲಿ ಎರಡೂ ಇದ್ದವು. ಮೊದಲನೆಯದು ಬಿಟ್‌ಗಳ ಹೊಂದಾಣಿಕೆ. ಆಫೀಸ್ 2010 ಸಾಮಾನ್ಯವಾಗಿ 32 ಬಿಟ್ ಆಗಿ ಕೂರುತ್ತಿತ್ತು, ವಿಂಡೋಸ್ 64 ಬಿಟ್ ಆಗಿದ್ದರೂ. ಇಳಿಸಿಕೊಂಡ ಥಂಡರ್‌ಬರ್ಡ್ 64 ಬಿಟ್. ಇವೆರಡೂ ಒಂದೇ ಆಗಿರದಿದ್ದರೆ ಮಾತಾಡುವುದಿಲ್ಲ. ಡೌನ್‌ಲೋಡ್ ಪುಟದಲ್ಲಿ 32 ಬಿಟ್ ಆವೃತ್ತಿಯನ್ನು ಹುಡುಕಿ ಆರಿಸಬೇಕು. ಎರಡನೆಯದು ಡೀಫಾಲ್ಟ್ ತಂತ್ರಾಂಶ. ಥಂಡರ್‌ಬರ್ಡ್ ಮೊದಲ ಸಲ ತೆರೆದಾಗ ‘ನನ್ನನ್ನೇ ಮುಖ್ಯ ಇಮೇಲ್ ತಂತ್ರಾಂಶ ಮಾಡು’ ಎನ್ನುತ್ತದೆ, ಹೂಂ ಅಂದುಬಿಟ್ಟಿದ್ದರು. ಆಮದು ಮುಗಿಯುವ ತನಕ ಆ ಪಟ್ಟ ಔಟ್‌ಲುಕ್‌ಗೇ ಇರಬೇಕು. ಕಂಟ್ರೋಲ್ ಪ್ಯಾನೆಲಿನ ಡೀಫಾಲ್ಟ್ ಪ್ರೋಗ್ರಾಮ್ಸ್‌ನಲ್ಲಿ ಅದನ್ನು ವಾಪಸ್ ಕೊಟ್ಟು, ಥಂಡರ್‌ಬರ್ಡ್ ಮುಚ್ಚಿ ತೆರೆದ ಮೇಲೆ ಆಮದು ಹೊರಟಿತು. 11 ಜಿಬಿಗೆ ಮಧ್ಯಾಹ್ನದ ಊಟದಿಂದ ಸಂಜೆ ಬಾಗಿಲು ಹಾಕುವ ಹೊತ್ತು ಹಿಡಿಯಿತು. ನಡುವೆ ಕಿಟಕಿ ಬಿಳಿಚಿಕೊಂಡು ‘ಪ್ರತಿಕ್ರಿಯಿಸುತ್ತಿಲ್ಲ’ ಎಂದಿತು. ಡಿಸ್ಕಿನ ದೀಪ ಮಿನುಗುತ್ತಿದ್ದರೆ ಸುಮ್ಮನೆ ಬಿಡಬೇಕು.

ಮುಗಿದ ಮೇಲೆ ಎಣಿಕೆ. ಔಟ್‌ಲುಕ್‌ನಲ್ಲಿ ಪ್ರತಿ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ‘ಒಟ್ಟು ಸಂಖ್ಯೆ ತೋರಿಸು’ ಆರಿಸಿ, ಥಂಡರ್‌ಬರ್ಡ್‌ನ ಅದೇ ಫೋಲ್ಡರಿನ ಸಂಖ್ಯೆಗೆ ಹೋಲಿಸುವುದು. ಸಂಖ್ಯೆ ಸರಿಬಂದರೂ ಮೂರು ಪತ್ರ ತೆರೆದು ನೋಡಬೇಕು: ಅತಿ ಹಳೆಯದು, ಅತಿ ಹೊಸದು, ಅತಿ ದೊಡ್ಡ ಲಗತ್ತು ಇರುವುದು. ಲಗತ್ತು ನಿಜಕ್ಕೂ ತೆರೆಯಬೇಕು, ಹೆಸರು ಕಂಡರೆ ಸಾಲದು.

ಅಲ್ಲಿಂದ ಹೊಸ ಯಂತ್ರಕ್ಕೆ ಸಾಗಿಸಿದ್ದು ಥಂಡರ್‌ಬರ್ಡ್ ತನ್ನ ಪತ್ರ, ಸೆಟ್ಟಿಂಗ್ ಎಲ್ಲ ಇಟ್ಟುಕೊಳ್ಳುವ ಪ್ರೊಫೈಲ್ ಫೋಲ್ಡರಿನ ಒಳಗಿನ ‘ಮೇಲ್’, ಅದರೊಳಗಿನ ‘ಲೋಕಲ್ ಫೋಲ್ಡರ್ಸ್’. ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಪುಟದಲ್ಲಿ ಪ್ರೊಫೈಲ್ ಫೋಲ್ಡರ್ ಎದುರು ಇರುವ ಗುಂಡಿ ಒತ್ತಿದರೆ ಅದು ತೆರೆಯುತ್ತದೆ. ಅಲ್ಲಿ ಒಂದೊಂದು ಪತ್ರ ಫೋಲ್ಡರಿಗೂ ವಿಸ್ತರಣೆ ಇಲ್ಲದ ಒಂದು ಫೈಲ್ ಇದೆ, ಅದರಲ್ಲಿಯೇ ಪತ್ರಗಳಿರುವುದು. ಅದೇ ಹೆಸರಿನ ಜೊತೆ ಎಂಎಸ್‌ಎಫ್ ಎಂದು ಮುಗಿಯುವ ಸಣ್ಣ ಫೈಲ್ ಬರೀ ಸೂಚಿ. ಎಸ್‌ಬಿಡಿ ಎಂದು ಮುಗಿಯುವುದು ಉಪ ಫೋಲ್ಡರುಗಳ ಚೀಲ. ಸೂಚಿಗಳನ್ನು ಬಿಟ್ಟು ಉಳಿದೆರಡನ್ನು, ಎರಡೂ ಕಡೆ ಥಂಡರ್‌ಬರ್ಡ್ ಮುಚ್ಚಿಕೊಂಡು, ಹೊಸ ಯಂತ್ರದ ಅದೇ ಜಾಗಕ್ಕೆ ನಕಲಿಸಿದರೆ ಸೂಚಿಯನ್ನು ಅದು ತಾನೇ ಕಟ್ಟಿಕೊಳ್ಳುತ್ತದೆ.

ಈ ಹಳೆ ಪತ್ರಗಳನ್ನು ಮತ್ತೆ ಜಿಮೇಲ್‌ಗೆ ಏರಿಸಬಾರದೇ ಎಂಬ ಪ್ರಶ್ನೆ ಬಂತು. ಏರಿಸಬಹುದು. ಆದರೆ ಐಮ್ಯಾಪ್ (ಪಾಪ್‌ನಂತೆ ಮನೆಗೆ ತಾರದೆ, ಪತ್ರಗಳನ್ನು ಸರ್ವರಿನಲ್ಲೇ ಇಟ್ಟು ನೋಡುವ ವಿಧಾನ) ಮೂಲಕ ದಿನಕ್ಕೆ 500 ಎಂಬಿ ಮಾತ್ರ ಏರಿಸಲು ಗೂಗಲ್ ಬಿಡುತ್ತದೆ. 11 ಜಿಬಿಗೆ ಇಪ್ಪತ್ತೆರಡು ದಿನ. ಮೇಲಾಗಿ ಜಾಗವೇ ಇರಲಿಲ್ಲ. ಉಚಿತ 15 ಜಿಬಿ ಎನ್ನುವುದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ ಲೆಕ್ಕ. ಮಾಲೀಕರ ಫೋನಿನಲ್ಲಿ ಇದೇ ಖಾತೆಗೆ ಫೋಟೋ ಬ್ಯಾಕಪ್ ಆಗುತ್ತಿತ್ತು, 9 ಜಿಬಿಯಷ್ಟು ಮದುವೆ, ಜಾತ್ರೆ, ಲಾರಿ ಲೋಡು. 15 ತುಂಬಿದ ದಿನ ಖರೀದಿದಾರರು ಕಳಿಸುವ ಪತ್ರ ಅವರಿಗೇ ಮರಳುತ್ತದೆ, ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಫೋಟೋ ಬ್ಯಾಕಪ್ಪನ್ನು ಅವರ ಸ್ವಂತ ಖಾತೆಗೆ ತಿರುಗಿಸಿದ್ದೇ ಮೊದಲ ಪರಿಹಾರ.

ಖಾತೆ ಸೇರಿಸಿದ್ದು

ಇಷ್ಟೆಲ್ಲ ಆದ ಮೇಲೆ ನಿಜವಾದ ಜೋಡಣೆ ಐದು ನಿಮಿಷದ್ದು. ಆದರೂ ಥಂಡರ್‌ಬರ್ಡ್‌ಗೆ ಕೈ ಹಚ್ಚುವ ಮೊದಲು ಬ್ರೌಸರಿನಲ್ಲಿ ಒಂದು ಕೆಲಸ ಇತ್ತು. ಜಿಮೇಲ್ ಸೆಟ್ಟಿಂಗ್ಸ್‌ನ ಲೇಬಲ್ಸ್ ಪುಟದಲ್ಲಿ ‘ಆಲ್ ಮೇಲ್’, ‘ಇಂಪಾರ್ಟೆಂಟ್’ ಎರಡರ ಎದುರಿನ ‘ಐಮ್ಯಾಪ್‌ನಲ್ಲಿ ತೋರಿಸು’ ಗುರುತು ತೆಗೆಯುವುದು. ಜಿಮೇಲ್‌ನಲ್ಲಿ ಪತ್ರ ಒಂದೇ, ಲೇಬಲ್ ಹಲವು; ಐಮ್ಯಾಪ್ ಕಣ್ಣಿಗೆ ಪ್ರತಿ ಲೇಬಲ್ಲೂ ಒಂದು ಫೋಲ್ಡರ್. ಹಾಗಾಗಿ ಒಂದೇ ಪತ್ರ ಇನ್‌ಬಾಕ್ಸಿಗೊಮ್ಮೆ, ಆಲ್ ಮೇಲ್‌ಗೊಮ್ಮೆ ಇಳಿಯುತ್ತದೆ. ದಿನಕ್ಕೆ ಇಳಿಸಲು ಇರುವ ಮಿತಿ 2500 ಎಂಬಿ. ಮೀರಿದರೆ ಖಾತೆಗೆ ಒಂದು ದಿನದವರೆಗೂ ಐಮ್ಯಾಪ್ ಬಂದ್. ಜಿಮೇಲ್‌ನಲ್ಲಿದ್ದ 5 ಜಿಬಿ ಪತ್ರ ಎರಡು ದಿನದ ಕೆಲಸ, ಎರಡೆರಡು ಸಲ ಇಳಿದರೆ ನಾಲ್ಕು ದಿನದ್ದು. ಹಳೆಯ ಮಾರ್ಗದರ್ಶಿಗಳಲ್ಲಿ ‘ಐಮ್ಯಾಪ್ ಚಾಲೂ ಮಾಡಿ’ ಎಂಬ ಹೆಜ್ಜೆ ಇರುತ್ತದೆ. 2025ರ ಜನವರಿಯಿಂದ ವೈಯಕ್ತಿಕ ಜಿಮೇಲ್‌ನಲ್ಲಿ ಅದು ಸದಾ ಚಾಲೂ, ಆ ಗುಂಡಿಯನ್ನು ಹುಡುಕಿ ದಣಿಯಬೇಕಿಲ್ಲ.

ಥಂಡರ್‌ಬರ್ಡ್‌ನಲ್ಲಿ ಹೆಸರು, ಇಮೇಲ್ ವಿಳಾಸ ಕೊಟ್ಟು ಮುಂದೆ ಹೋದರೆ ಉಳಿದದ್ದನ್ನು ಅದೇ ತುಂಬುತ್ತದೆ. ಕಣ್ಣಾಡಿಸಬೇಕಾದ್ದು ಇಷ್ಟು: ಒಳಬರುವುದಕ್ಕೆ ಪಾಪ್ ಅಲ್ಲ, ಐಮ್ಯಾಪ್, ಸರ್ವರ್ ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 993, ಎಸ್‌ಎಸ್‌ಎಲ್/ಟಿಎಲ್‌ಎಸ್. ಹೊರಹೋಗುವುದಕ್ಕೆ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 465. ಎರಡರಲ್ಲೂ ದೃಢೀಕರಣ ಓಆತ್2. ಹೊರಹೋಗುವ ಸರ್ವರನ್ನು ಥಂಡರ್‌ಬರ್ಡ್ ಪ್ರತ್ಯೇಕವಾಗಿ ಇಟ್ಟುಕೊಳ್ಳುವುದರಿಂದ, ಪತ್ರ ಬರುತ್ತಿದೆ, ಹೋಗುತ್ತಿಲ್ಲ ಅನ್ನುವ ದೂರು ಬಂದರೆ ಒಳಬರುವ ಸೆಟ್ಟಿಂಗನ್ನು ಕೆದಕದೆ ಔಟ್‌ಗೋಯಿಂಗ್ ಸರ್ವರ್ ಪುಟದಲ್ಲಿ ಈ ದೃಢೀಕರಣದ ಸಾಲನ್ನು ನೋಡಬೇಕು.

ಲಾಗಿನ್ ಕಿಟಕಿ ತೆರೆದು ಮುಖ್ಯ ಪಾಸ್‌ವರ್ಡ್ ಕೊಟ್ಟದ್ದೇ ‘ನಿಮ್ಮ ಫೋನಿನಲ್ಲಿ ಹೌದು ಒತ್ತಿ’ ಎಂದಿತು. ಆ ಫೋನ್ ಮಾಲೀಕರ ಜೇಬಿನಲ್ಲಿ, ಮಾಲೀಕರು ಪಾಂಡವಪುರದ ಕಡೆಯ ಆಲೆಮನೆಯೊಂದರಲ್ಲಿ. ಕರೆ ಮಾಡಿ ಒತ್ತಿಸಿದ್ದಾಯಿತು. ದಿನಾ ಹೀಗಾಗಬಾರದೆಂದು ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ ಹಣದ ಪೆಟ್ಟಿಗೆಯಲ್ಲಿ ಇಡಿಸಲಾಯಿತು: ಎಂಟೆಂಟು ಅಂಕಿಯ ಹತ್ತು ಕೋಡು, ಒಂದೊಂದು ಒಂದೇ ಸಲಕ್ಕೆ. ಲಾಗಿನ್ ಕಿಟಕಿ ಖಾಲಿಯಾಗಿಯೇ ನಿಂತರೆ ಥಂಡರ್‌ಬರ್ಡ್‌ನ ಪ್ರೈವೆಸಿ ಪುಟದಲ್ಲಿ ಕುಕೀ ಸ್ವೀಕರಿಸುವ ಗುರುತು ಹೋಗಿರುತ್ತದೆ. ಮುಂದೆ ಮತ್ತೆ ಪಾಸ್‌ವರ್ಡ್ ಬದಲಿಸಿದರೆ ಈ ಟೋಕನ್ ಕೂಡ ರದ್ದಾಗುತ್ತದೆ. ಆದರೆ ಆಗ ತೆರೆಯುವುದು ಗೂಗಲ್‌ನದೇ ಪುಟ, ಹೊಸ ಪಾಸ್‌ವರ್ಡನ್ನೇ ಕೇಳುತ್ತದೆ. ಬಟ್ಟೆ ಹರಿದುಕೊಳ್ಳುವ ಪ್ರಸಂಗ ಬರುವುದಿಲ್ಲ.

ಲೆಕ್ಕ ಬರೆಯುವವರ ಮನೆಯ ಲ್ಯಾಪ್‌ಟಾಪಿನಲ್ಲೂ ಇದೇ ಜೋಡಣೆ ಆಯಿತು. ಒಂದು ಖಾತೆಗೆ ಏಕಕಾಲಕ್ಕೆ 15 ಐಮ್ಯಾಪ್ ಸಂಪರ್ಕ ಗೂಗಲ್‌ನ ಮಿತಿ. ಥಂಡರ್‌ಬರ್ಡ್ ಒಂದೊಂದೂ 5ರವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಇನ್ನೂ ಯಂತ್ರ ಸೇರಿಸುವುದಿದ್ದರೆ ಸರ್ವರ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ಗುಂಡಿಯಲ್ಲಿ ಅದನ್ನು 3ಕ್ಕೆ ಇಳಿಸಬೇಕು.

ಟ್ಯಾಲಿ, ಪ್ರಿಂಟರ್ ಎರಡಕ್ಕೂ ಆ್ಯಪ್ ಪಾಸ್‌ವರ್ಡೇ ಗತಿ. ಈ ಸಲ ಎರಡಕ್ಕೂ ಬೇರೆ ಬೇರೆ, ಒಂದೊಂದಕ್ಕೂ ಹೆಸರು ಕೊಟ್ಟು. ನಾಳೆ ಪ್ರಿಂಟರ್ ಮಾರಿದರೆ ಅದರದ್ದನ್ನು ಮಾತ್ರ ರದ್ದು ಮಾಡಬಹುದು.

ಒಂದು ವಾರದ ನಂತರ

ಏಳನೆಯ ದಿನ ಮಾಲೀಕರಿಂದ ದೂರು: ‘ಗುಜರಾತಿನವರ ಆರ್ಡರ್ ಬೆಳಿಗ್ಗೆ ಫೋನಲ್ಲಿ ನೋಡಿದೀನಿ, ಮಧ್ಯಾಹ್ನಕ್ಕೆ ಇಲ್ಲ.’ ಹೊಸ ಯಂತ್ರ ಪತ್ರ ತಿಂದಿರಲಿಲ್ಲ. ಲೆಕ್ಕ ಬರೆಯುವವರಿಗೆ ಹನ್ನೆರಡು ವರ್ಷದ ಒಂದು ಅಭ್ಯಾಸ ಇತ್ತು: ಪತ್ರ ನೋಡಿ, ಟ್ಯಾಲಿಗೆ ಏರಿಸಿ, ಡಿಲೀಟ್ ಒತ್ತುವುದು. ಪಾಪ್‌ನಲ್ಲಿ ಅಳಿಸಿದರೆ ಆ ಮೇಜಿನ ಪ್ರತಿ ಮಾತ್ರ ಔಟ್‌ಲುಕ್‌ನ ಡಿಲೀಟೆಡ್ ಐಟಮ್ಸ್ ಫೋಲ್ಡರಿಗೆ ಸರಿಯುತ್ತಿತ್ತು, ಪಿಎಸ್‌ಟಿಯಲ್ಲೇ ಉಳಿಯುತ್ತಿತ್ತು. ಫೋನಿನಲ್ಲಿ ಅದು ಹಾಗೇ ಇರುತ್ತಿತ್ತು. ಐಮ್ಯಾಪ್‌ನಲ್ಲಿ ಇರುವುದು ಒಂದೇ ಪೆಟ್ಟಿಗೆ, ಎಲ್ಲರೂ ನೋಡುತ್ತಿರುವುದು ಅದನ್ನೇ. ಒಬ್ಬರು ಅಳಿಸಿದರೆ ಎಲ್ಲರಿಗೂ ಹೋಯಿತು. ಪಾಪ್‌ನಿಂದ ಐಮ್ಯಾಪ್‌ಗೆ ಹೋಗುವ ಕಚೇರಿಗಳಲ್ಲಿ ಯಾವ ಪೋರ್ಟ್ ಸಂಖ್ಯೆಗಿಂತಲೂ ಹೆಚ್ಚು ಕಾಡುವುದು ಇದು, ಜೋಡಿಸಿಕೊಟ್ಟವರು ಹೇಳಲು ಮರೆಯುವುದೂ ಇದನ್ನೇ.

ಅಳಿಸಿದ್ದು ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಹಾಗಾಗಿ ಆರ್ಡರ್ ಸಿಕ್ಕಿತು. ಆಮೇಲೆ ‘ಲೆಕ್ಕಕ್ಕೆ ಏರಿದೆ’ ಎಂಬ ಫೋಲ್ಡರ್ ಮಾಡಿ, ಡಿಲೀಟ್ ಬದಲು ಅಲ್ಲಿಗೆ ಎಳೆದು ಹಾಕುವ ಕ್ರಮ ಬಂತು. ಓದಿದ ಗುರುತೂ ಹಂಚಿಕೆಯಾಗುವುದರಿಂದ ಮಾಲೀಕರು ಫೋನಿನಲ್ಲಿ ಸುಮ್ಮನೆ ತೆರೆದ ಪತ್ರವನ್ನು ಲೆಕ್ಕದವರು ಮುಗಿದ ಕೆಲಸವೆಂದು ಬಿಟ್ಟ ಉದಾಹರಣೆಯೂ ಆಯಿತು. ಅದಕ್ಕೆ ನಕ್ಷತ್ರ: ಕೆಲಸ ಬಾಕಿ ಇದ್ದರೆ ನಕ್ಷತ್ರ ಹಾಕುವುದು, ಮುಗಿಸಿದವರು ತೆಗೆಯುವುದು. ಫೋನಿನಲ್ಲೂ ಥಂಡರ್‌ಬರ್ಡ್‌ನಲ್ಲೂ ಒಂದೇ ನಕ್ಷತ್ರ ಕಾಣುತ್ತದೆ.

ಇನ್ನೊಂದು ದೂರು ಹಳೆ ಪತ್ರಗಳದ್ದು. 2014ರ ದರಪಟ್ಟಿ ತೆರೆದರೆ ಅಚ್ಚು, ಬಕೆಟ್, ಕುರಿಕಟ್ಟು, ಬಾಕ್ಸ್ ಇರಬೇಕಾದ ಕಡೆ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ‘ಬೆಲ್ಲ’ದ ನಡುವೆ ವೃತ್ತದೊಳಗೆ ಆರ್ ಇರುವ ಟ್ರೇಡ್‌ಮಾರ್ಕ್ ಚಿಹ್ನೆ, ‘ನ’ ಬರುವಲ್ಲೆಲ್ಲ ಪೌಂಡ್ ಚಿಹ್ನೆ. ಫೈಲ್ ಕೆಟ್ಟಿತೆಂದು ಗಾಬರಿಯಾಗಿದ್ದರು. ಪೌಂಡ್ ಚಿಹ್ನೆ ಕಂಡರೆ ಅದು ಯೂನಿಕೋಡ್ ಪೂರ್ವದ ನುಡಿ ಅಕ್ಷರಶೈಲಿ ಎಂದು ತಿಳಿಯಬಹುದು. ಆ ಕಾಲದ ನುಡಿ ಫಾಂಟು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡ ಚಿತ್ರ ಕೂರಿಸುತ್ತಿತ್ತು. ಫಾಂಟ್ ಇಲ್ಲದ ಯಂತ್ರದಲ್ಲಿ ಬಣ್ಣ ಬಯಲಾಗುತ್ತದೆ. ಹಳೆ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ತಂದು ಹಾಕಿದಾಗ ಅಲಂಕೃತ ರೂಪದ ಪತ್ರಗಳು, ವರ್ಡ್ ಲಗತ್ತುಗಳು ಸರಿಯಾದವು. ಸಾದಾ ಪಠ್ಯದ ಪತ್ರಗಳು ಆಗಲಿಲ್ಲ, ಏಕೆಂದರೆ ಅವುಗಳಲ್ಲಿ ಫಾಂಟಿನ ಹೆಸರೇ ಉಳಿದಿರುವುದಿಲ್ಲ. ಬೇಕಾದದ್ದನ್ನು ನಕಲಿಸಿ ಯೂನಿಕೋಡ್ ಪರಿವರ್ತಕಕ್ಕೆ ಹಾಕಬೇಕು. ಇನ್ನು ಬರೆಯುವುದೆಲ್ಲ ಯೂನಿಕೋಡ್. ವಿಂಡೋಸ್‌ನ ನಿರ್ಮಲಾ ಫಾಂಟು ಇದ್ದೇ ಇದೆ.

ಆಂಟಿವೈರಸ್ ಬಗ್ಗೆ ಒಂದು ಮಾತು. ಎಂಬಾಕ್ಸ್‌ನಲ್ಲಿ ಸಾವಿರಾರು ಪತ್ರ ಒಂದೇ ಫೈಲು. ಯಾವುದೋ ಒಂದರಲ್ಲಿ ವೈರಸ್ ಲಗತ್ತು ಕಂಡರೆ ಕೆಲವು ಆಂಟಿವೈರಸ್‌ಗಳು ಇಡೀ ಫೈಲನ್ನು ಸೆರೆಗೆ ಹಾಕುತ್ತವೆ, ಇನ್‌ಬಾಕ್ಸ್ ಪೂರ್ತಿ ಮಾಯ. ಪ್ರೊಫೈಲ್ ಫೋಲ್ಡರನ್ನು ಅದರ ವಿನಾಯಿತಿ ಪಟ್ಟಿಗೆ ಸೇರಿಸಲಾಗಿದೆ.

2018ರ ಮೇ ನಂತರದ ಪತ್ರಗಳು ಈಗ ಜಿಮೇಲ್‌ನಲ್ಲೂ ಲೋಕಲ್ ಫೋಲ್ಡರ್ಸ್‌ನಲ್ಲೂ ಎರಡೆರಡು ಇವೆ. ಇರಲಿ ಎಂದು ಬಿಡಲಾಗಿದೆ. ಜೋಡಿ ಪತ್ರ ಅಳಿಸುವ ಆಡ್‌ಆನ್‌ಗಳನ್ನು ಮೊದಲ ತಿಂಗಳೇ ಓಡಿಸುವುದು ಅವಸರ. ಅದಕ್ಕೂ ಹಿಂದಿನದನ್ನು ಮಾತ್ರ ಹಣಕಾಸು ವರ್ಷದ ಪ್ರಕಾರ, 2013-14ರಿಂದ 2017-18ರ ತನಕ ಐದು ಫೋಲ್ಡರ್ ಮಾಡಿ, 2018ರ ಏಪ್ರಿಲ್, ಮೇ ಪತ್ರಗಳನ್ನು ಆರನೆಯದರಲ್ಲಿ ಇಟ್ಟಿದೆ. ಪತ್ರಗಳನ್ನು ಹಾಗೆ ಸರಿಸಿದ ಮೇಲೆ ಮೂಲ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಕಾಂಪ್ಯಾಕ್ಟ್ ಒತ್ತಬೇಕು. ಅಲ್ಲಿಯತನಕ ಹೋದ ಪತ್ರ ಫೈಲಿನಲ್ಲಿ ಹಾಗೇ ಜಾಗ ಹಿಡಿದಿರುತ್ತದೆ. ಶನಿವಾರ ಸಂಜೆ ಥಂಡರ್‌ಬರ್ಡ್ ಮುಚ್ಚಿ ಇಡೀ ಪ್ರೊಫೈಲ್ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲಿಸುವುದು ಲೆಕ್ಕದವರ ಪಾಲಿಗೆ ಬಂದಿದೆ.

ಹಳೆ ಯಂತ್ರದ ಡಿಸ್ಕನ್ನು ಬಿಚ್ಚಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೀರುವಿನಲ್ಲಿ ಇಟ್ಟಿದ್ದಾರೆ. ಮೇಲೆ ಚೀಟಿ: ‘ಇಮೇಲ್ 2013–2025, ಪಿಎಸ್‌ಟಿ ಒಂದು, 2026ರ ಮಾರ್ಚ್ 31ರ ತನಕ ಫಾರ್ಮ್ಯಾಟ್ ಮಾಡಬೇಡಿ.’